ಹಾಡಿನ ಮರುಕಟ್ಟು

ಒಮ್ಮೆ ಧ್ವನಿಮುದ್ರಣಗೊಂಡ ಹಾಡನ್ನೋ ಬಾಯಿಂದ ಬಾಯಿಗೆ ಬಂದ ಪದವನ್ನೋ ಎಲೆಕ್ಟ್ರಾನಿಕ್ ತಾಳ, ಬೇಸ್ ಮತ್ತು ಸಿಂಥಸೈಜರ್ ನಾದಕ್ಕೆ ಒಗ್ಗಿಸಿ, ಕುಣಿಯುವವರಿಗಾಗಿ ಮತ್ತೊಮ್ಮೆ ಕಟ್ಟುವ ಕೆಲಸವನ್ನು ಈ ಲೇಖನದಲ್ಲಿ ಮರುಕಟ್ಟು ಎಂದು ಕರೆದಿದೆ. ಪೇಟೆಯಲ್ಲಿ ಇದು ರೀಮಿಕ್ಸ್. ಹಳ್ಳಿಯ ಹುಡುಗರ ಬಾಯಲ್ಲಿ ‘ಡಿಜೆ ಮಾಡೋದು’. ಪದ ‘ಕಟ್ಟುವುದು’ ಎಂಬ ಮಾತು ಕನ್ನಡದಲ್ಲಿ ಮೊದಲೇ ಇರುವುದರಿಂದ ಮರುಕಟ್ಟು ಎನ್ನುವುದೇ ಹೆಚ್ಚು ಹೊಂದುತ್ತದೆ. ಹಾಡು ಕಟ್ಟಿದ್ದೆಂದ ಮೇಲೆ ಅದನ್ನು ಬಿಚ್ಚಲೂಬಹುದು, ಬೇರೆ ಹುರಿಯಲ್ಲಿ ಮತ್ತೆ ಹೊಸೆಯಲೂಬಹುದು. ಬಿಚ್ಚುತ್ತಿರುವವರು ಯಾರು, ಆ ಹಾಡು ಯಾರದು ಎಂಬುದರ ಮೇಲೆ ಇಡೀ ವಿಷಯ ನಿಂತಿದೆ.

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯನ್ನು ನಡುವಿಗೆ ಇಟ್ಟುಕೊಂಡು ಈ ಲೇಖನ ಬರೆಯಲು ಕಾರಣವಿದೆ. ತಾಲ್ಲೂಕು ಚಳ್ಳಕೆರೆಯಾದರೂ ವಿಧಾನಸಭೆಯ ಮಟ್ಟಿಗೆ ಮೊಳಕಾಲ್ಮುರಿಗೆ ಸೇರಿದ ಈ ಹೋಬಳಿ ಮ್ಯಾಸನಾಯಕ, ಕಾಡುಗೊಲ್ಲ ಸಮುದಾಯಗಳ ಹಟ್ಟಿಗಳ ಸೀಮೆ. ಮಳೆ ಕಡಿಮೆ, ಪದ ಹೆಚ್ಚು. ಗುರು ತಿಪ್ಪೇರುದ್ರಸ್ವಾಮಿಯ ಫಾಲ್ಗುಣದ ತೇರಿಗೆ ಸುತ್ತಲಿನ ಜಿಲ್ಲೆಗಳಿಂದಲೂ ಗಡಿಯಾಚೆಯ ಆಂಧ್ರದಿಂದಲೂ ಜನ ಸೇರುತ್ತಾರೆ. ಹಳೆಯ ವಾದ್ಯಗಳೂ ಹೊಸ ಸ್ಪೀಕರ್ ಪೆಟ್ಟಿಗೆಗಳೂ ಒಂದೇ ಬೀದಿಯಲ್ಲಿ ಎದುರಾಗುವ ಜಾಗವಿದು.

ರಾಕ್ ತಂಡಗಳು ಕುಣಿತಕ್ಕೆ ಹೊರಳಿದ್ದು

ಸೈಕೆಡೆಲಿಕ್ ರಾಕ್ 1960ರ ದಶಕದ ನಡುಭಾಗದಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಮೂಡಿತು. ಗಿಟಾರಿನ ಸ್ವರವನ್ನು ಎಳೆದು ತಿರುಚುವುದು, ಪ್ರತಿಧ್ವನಿಯನ್ನು ಒಂದರ ಮೇಲೊಂದು ಪೇರಿಸುವುದು, ಟೇಪನ್ನು ಹಿಂದುಮುಂದಾಗಿ ಓಡಿಸುವುದು, ಒಂದೇ ಶ್ರುತಿಯ ಮೇಲೆ ಬಹಳ ಹೊತ್ತು ನಿಲ್ಲುವುದು ಅದರ ಗುರುತುಗಳು. ಕೇಳುವವನಿಗೆ ಹೊತ್ತಿನ ಅರಿವು ತಪ್ಪಬೇಕೆಂಬುದೇ ಗುರಿ. ಸುಮಾರು ಇಪ್ಪತ್ತು ವರ್ಷಗಳ ನಂತರ ಶಿಕಾಗೋ ನಗರದ ಹೌಸ್, ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಬ್ರಿಟನ್ನಿಗೆ ಬಂದಾಗ ಅಲ್ಲಿನ ಕೆಲವು ಗಿಟಾರ್ ತಂಡಗಳಿಗೆ, ತಾವು ಹುಡುಕುತ್ತಿದ್ದ ಆ ಮೈಮರೆವು ಯಂತ್ರದ ತಾಳದಲ್ಲೂ ಇದೆ ಎಂದು ಹೊಳೆಯಿತು.

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹುಟ್ಟಿದ ದಿ ಶೇಮನ್ ಇದಕ್ಕೆ ನೇರ ನಿದರ್ಶನ. 1987ರ ‘ಡ್ರಾಪ್’ ಆಲ್ಬಮ್ಮಿನಲ್ಲಿ ಅಪ್ಪಟ ಸೈಕೆಡೆಲಿಕ್ ಗಿಟಾರ್ ತಂಡವಾಗಿದ್ದವರು ಮೂರೇ ವರ್ಷಗಳಲ್ಲಿ ಯಂತ್ರಗಳ ಕಡೆ ಹೊರಳಿದರು. 1990ರಲ್ಲಿ ತಾವೇ ಹೊರತಂದಿದ್ದ ‘ಪ್ರೋಜೆನ್’ ಹಾಡನ್ನು 1991ರಲ್ಲಿ ‘ಮೂವ್ ಎನಿ ಮೌಂಟನ್’ ಎಂದು ಹೊಸದಾಗಿ ಕಟ್ಟಿದಾಗ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಆ ಒಂದೇ ಹಾಡಿನ ಹಲವು ರೂಪಗಳನ್ನು ಸೇರಿಸಿ ‘ಪ್ರೋಜೆನಿ’ ಎಂಬ ಇಡೀ ಆಲ್ಬಮ್ಮನ್ನೇ ತಂದರು. ಅದೇ ವರ್ಷದ ಮೇ ತಿಂಗಳಲ್ಲಿ ತಂಡದ ವಿಲ್ ಸಿನಾಟ್ ಕನೇರಿ ದ್ವೀಪಗಳ ಬಳಿ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ತಂಡ ನಿಲ್ಲಲಿಲ್ಲ.

ಗ್ಲಾಸ್ಗೋದ ಪ್ರೈಮಲ್ ಸ್ಕ್ರೀಮ್ ತಂಡದ ಕಥೆ ಇನ್ನೂ ಸ್ಪಷ್ಟ. 1989ರ ಆಲ್ಬಮ್ಮಿನ ಒಂದು ನಿಧಾನಗತಿಯ ವಿರಹದ ಹಾಡನ್ನು ಅವರು ಡಿಜೆ ಆಂಡ್ರ್ಯೂ ವೆದರಾಲ್ ಕೈಗೆ ಕೊಟ್ಟರು. ಮೊದಲ ಯತ್ನದಲ್ಲಿ ವೆದರಾಲ್ ಹಾಡಿಗೆ ಮರ್ಯಾದೆ ಕೊಟ್ಟು ಅಲ್ಪಸ್ವಲ್ಪ ಬದಲಿಸಿದ್ದರು. ಅಷ್ಟು ಸಾಲದು, ಪೂರ್ತಿ ಒಡೆದುಬಿಡು ಎಂದವರು ಹಾಡಿನ ಒಡೆಯರೇ ಆದ ಗಿಟಾರ್ ವಾದಕ ಆಂಡ್ರ್ಯೂ ಇನ್ಸ್. ಆಮೇಲೆ ಉಳಿದದ್ದು ಬೇಸ್, ತುತ್ತೂರಿಗಳ ಒಂದು ಸಾಲು, ಪಿಯಾನೋ ಹಾಗೂ ಗಿಟಾರಿನ ಚೂರುಗಳು. ಗಾಯಕನ ಮೂಲ ಪಲ್ಲವಿಗಳು ಬಹುತೇಕ ಹೋದವು. ಬೇರೊಬ್ಬ ಗಾಯಕಿಯ ಹಾಡಿನ ಕಳ್ಳಪ್ರತಿಯಿಂದ ತಂದ ಡ್ರಮ್ ಲೂಪೂ 1966ರ ಚಲನಚಿತ್ರವೊಂದರ ಸಂಭಾಷಣೆಯೂ ಒಳಬಂದವು. 1990ರ ಆರಂಭದಲ್ಲಿ ‘ಲೋಡೆಡ್’ ಎಂಬ ಹೆಸರಿನಲ್ಲಿ ಬಂದ ಇದು 16ನೇ ಸ್ಥಾನ ತಲುಪಿತು. ಇದರ ಬೆನ್ನಿಗೆ 1991ರಲ್ಲಿ ಬಂದ ‘ಸ್ಕ್ರೀಮಡೆಲಿಕಾ’ ಆಲ್ಬಮ್ಮಿಗೆ 1992ರ ಮೊದಲ ಮರ್ಕ್ಯುರಿ ಪ್ರಶಸ್ತಿ ಸಂದಿತು. ವಿಶೇಷವೆಂದರೆ ‘ಲೋಡೆಡ್’ ವೇಗದ ಹಾಡೇ ಅಲ್ಲ. ಹೌಸ್ ಸಂಗೀತ ನಿಮಿಷಕ್ಕೆ 120–130 ಬಡಿತಗಳಲ್ಲಿ ಓಡುವಾಗ ಇದು ನೂರರ ಆಸುಪಾಸಿನಲ್ಲೇ ತೂಗುತ್ತದೆ. ಕುಣಿಸಲು ಓಟ ಬೇಕೇಬೇಕೆಂದಿಲ್ಲ.

ಈ ಎರಡೂ ತಂಡಗಳು ಮುಟ್ಟಿದ್ದು ತಮ್ಮದೇ ಹಾಡನ್ನು. ಒಡೆಯುವ ಅಪ್ಪಣೆ ಕಟ್ಟಿದವರಿಂದಲೇ ಬಂದಿತ್ತು.

ಮುಂಬಯಿಯ ಹತ್ತು ರಾಗಗಳು

ಭಾರತದಲ್ಲಿ ಮರುಕಟ್ಟಿನ ಒಂದು ಅಚ್ಚರಿ ಶಿಕಾಗೋದ ಆಸಿಡ್ ಹೌಸ್‌ಗಿಂತ ಮೊದಲೇ ನಡೆದಿತ್ತು. ಹಿಂದಿ ಚಿತ್ರಸಂಗೀತದ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಮೂರು ರೋಲ್ಯಾಂಡ್ ಯಂತ್ರಗಳನ್ನು (ಟಿಆರ್-808 ತಾಳಯಂತ್ರ, ಟಿಬಿ-303 ಬೇಸ್ ಯಂತ್ರ, ಜುಪಿಟರ್-8 ಸಿಂಥಸೈಜರ್) ಜೋಡಿಸಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಆಗ ಅದನ್ನು ಕೇಳಿದವರು ವಿರಳ. 2010ರಲ್ಲಿ ಮರುಬಿಡುಗಡೆಯಾದಾಗ ಲೋಕ ಬೆರಗಾಯಿತು. ಆಸಿಡ್ ಹೌಸ್‌ನ ಮೊದಲ ಹಾಡೆಂದು ಹೆಸರಾದ ‘ಆಸಿಡ್ ಟ್ರ್ಯಾಕ್ಸ್’ ಬಂದದ್ದು 1987ರಲ್ಲಿ. ಟಿಬಿ-303ರ ಗುಣವೆಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ಬೇಸ್ ಗಿಟಾರಿಗೆ ಬದಲಿಯಾಗಲೆಂದು ತಯಾರಿಸಿದ ಯಂತ್ರ ಆ ಕೆಲಸದಲ್ಲಿ ಸೋತು ಮೂಲೆಗೆ ಬಿದ್ದಿತ್ತು. ಸ್ವರವನ್ನು ಜಾರಿಸುವ ಮೀಂಡ್ ಮತ್ತು ಗಮಕ ಬಲ್ಲ ಸಿಂಗ್ ಅವರ ಕೈಯಲ್ಲಿ ಆ ಜಾರಿಕೆಯೇ ಬೆಲೆ ಪಡೆಯಿತು.

ಉರುಮೆ, ಗಣೆ ಮತ್ತು ಹೆಂಗಸರ ಪದ

ನಾಯಕನಹಟ್ಟಿ ಸೀಮೆಯವರಿಗೆ ಜಾರುವ ಬೇಸ್ ಹೊಸದಲ್ಲ. ಮ್ಯಾಸನಾಯಕರ ದೇವರ ಮೆರವಣಿಗೆಗೆ ಉರುಮೆ ಬೇಕು. ಎರಡು ಮುಖದ ಈ ವಾದ್ಯವನ್ನು ಸೊಂಟದ ಮುಂದೆ ಇಳಿಬಿಟ್ಟುಕೊಂಡು, ಬಲಮುಖವನ್ನು ಒಂದು ಕೋಲಿನಿಂದ ಬಡಿಯುತ್ತಾರೆ. ಎಡಮುಖದ ಮೇಲೆ ಬಾಗಿದ ಕೋಲನ್ನು ಒತ್ತಿ ಉಜ್ಜುತ್ತಾರೆ. ಹತ್ತಿರ ನಿಂತು ನೋಡಿದರೆ ಕೈ ಹೆಚ್ಚು ಆಡುವುದೇ ಇಲ್ಲ. ಮಣಿಕಟ್ಟು ತುಸು ಒತ್ತುತ್ತದೆ, ಚರ್ಮ ಬಿಗಿಯುತ್ತದೆ, ಸ್ವರ ಏರುತ್ತದೆ. ಒತ್ತಡ ಸಡಿಲವಾದಾಗ ಕೆಳಗಿಳಿಯುತ್ತದೆ. ಹೀಗೆ ಹುಟ್ಟುವ ಗುಂಯ್ ಎಂಬ ನರಳಿಕೆ ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತದೆ. ಮೈಮೇಲೆ ದೇವರು ಬರುವವರಿಗೆ ಈ ನಾದವೇ ಕರೆ. ಸೈಕೆಡೆಲಿಕ್ ಗಿಟಾರಿಗರು ಹತ್ತಾರು ಪೆಟ್ಟಿಗೆ ಜೋಡಿಸಿ ಅರಸಿದ್ದನ್ನು ಈ ಬಾಗುಗೋಲು ಎಷ್ಟೋ ತಲೆಮಾರುಗಳಿಂದ ಕೊಡುತ್ತ ಬಂದಿದೆ ಎಂದರೆ ಅತಿಶಯವಲ್ಲ.

ಕಾಡುಗೊಲ್ಲರ ವಾದ್ಯ ಗಣೆ. ಉದ್ದನೆಯ ಬಿದಿರಿನ ಕೊಳಲು; ಸ್ವರ ದಪ್ಪ, ಉಸಿರು ಬಹಳ ಬೇಡುತ್ತದೆ. ಇದನ್ನು ಊದುತ್ತ, ನಡುನಡುವೆ ಹಾಡುತ್ತ ಸಾಂಸ್ಕೃತಿಕ ವೀರ ಜುಂಜಪ್ಪನ ಕಥೆ ಹೇಳುತ್ತಾರೆ. ಇವೇ ಜುಂಜಪ್ಪನ ಗಣೆಪದಗಳು. ಜುಂಜಪ್ಪನ ಮುಖ್ಯ ನೆಲೆ ಸಿರಾ ಸೀಮೆಯ ಕಳುವರಹಳ್ಳಿಯಾದರೂ ಪದಗಳು ಚಳ್ಳಕೆರೆ, ಹಿರಿಯೂರು ಕಡೆಯ ಗೊಲ್ಲರಹಟ್ಟಿಗಳಲ್ಲೆಲ್ಲ ಹರಡಿವೆ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯಲ್ಲಿ ಕಾಡುಗೊಲ್ಲರು ನಡೆಸುವ ಕ್ಯಾತೇದೇವರ ಜಾತ್ರೆಯಲ್ಲಿ ಬರಿಗಾಲಲ್ಲಿ ಮುಳ್ಳಿನ ಗುಡಿಯೇರಿ ಕಳಶ ಕೀಳುವುದನ್ನು ನೋಡಲು ಸಾವಿರಾರು ಮಂದಿ ನೆರೆಯುತ್ತಾರೆ. ಅಲ್ಲಿನ ಕೂಗು, ವಾದ್ಯ, ಧೂಳು ಎಲ್ಲ ಸೇರಿದ್ದು ಯಾವ ರಂಗಸಜ್ಜಿಕೆಗೂ ಸಿಗದ ಅನುಭವ.

ಆದರೆ ಈ ಸೀಮೆಯ ಬಹುಪಾಲು ಹಾಡು ವಾದ್ಯವಿಲ್ಲದ್ದು, ಹೆಂಗಸರದ್ದು. ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿತವರಲ್ಲ. ಅವರಿಗೆ ಸಾವಿರಾರು ಪದಗಳು ಬಾಯಿಗೆ ಬರುತ್ತಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂದು ಪ್ರಕಟಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ನೀಡಿತು. ಇಂಥ ಪದಗಳನ್ನು ಹಾಡುವ ಕ್ರಮ ಸರಳ: ಒಬ್ಬಾಕೆ ಸಾಲು ಹೇಳುತ್ತಾಳೆ, ಜೊತೆಯವರು ಅದನ್ನೇ ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳುವಷ್ಟರಲ್ಲಿ ಮೊದಲಿನವಳಿಗೆ ಮುಂದಿನ ಸಾಲು ನೆನಪಾಗುತ್ತದೆ, ಇಲ್ಲವೇ ಹೊಸದೇ ಹುಟ್ಟುತ್ತದೆ. ಹಾಡು ಬೆಳೆಯುವುದು ಆ ಬಿಡುವಿನಲ್ಲೇ. ಮುಂದೆ ಮರುಕಟ್ಟಿನಲ್ಲಿ ಮೊದಲು ಕತ್ತರಿಗೆ ಸಿಗುವುದೂ ಆ ಬಿಡುವೇ ಎಂಬುದನ್ನು ನೆನಪಿಡಬೇಕು.

ಈ ಸೀಮೆಯ ನಾಯಕರಲ್ಲಿ ಬಹಳ ಮಂದಿಯ ಮನೆಮಾತು ತೆಲುಗು. ಹೀಗಾಗಿ ಪದಗಳು ಒಂದು ನುಡಿಯಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತವೆ. ಹಟ್ಟಿಯ ಪದಕ್ಕೆ ‘ಮೂಲ ಪಾಠ’ ಹುಡುಕುವುದು ವ್ಯರ್ಥ ಎನ್ನಲು ಇದೂ ಒಂದು ಕಾರಣ.

ಕನ್ನಡದ ವೇದಿಕೆ ಮತ್ತು ತಂಡಗಳು

ಕನ್ನಡ ಚಿತ್ರಸಂಗೀತಕ್ಕೆ ಪಾಶ್ಚಾತ್ಯ ಗಿಟಾರ್, ಕ್ಲಬ್ ತಾಳಗಳು 1970ರ ದಶಕದಲ್ಲೇ ಒಗ್ಗಿದ್ದವು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ರಾಜ್‌ಕುಮಾರ್ ಹಾಡಿದ ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರದ ಇಂಗ್ಲಿಷ್ ಹಾಡು ಮುಂದೆ ಅಂತರ್ಜಾಲದ ಕಾಲದಲ್ಲಿ ಕನ್ನಡ ಬಾರದವರನ್ನೂ ಕುಣಿಸಿತು.

ತನ್ನದೇ ಹಾಡನ್ನು ಬೇರೆ ಗಾತ್ರದಲ್ಲಿ ಮತ್ತೆ ಕಟ್ಟಿದ ಕನ್ನಡಿಗರಲ್ಲಿ ಸಿ. ಅಶ್ವತ್ಥ್ (1939–2009) ಮುಖ್ಯರು. ಶಿಶುನಾಳ ಶರೀಫರ (1819–1889) ತತ್ವಪದಗಳನ್ನು ಅವರು ಕ್ಯಾಸೆಟ್‌ಗಳ ಮೂಲಕ ಮನೆಮನೆಗೆ ಮುಟ್ಟಿಸಿದ್ದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಹಾರ್ಮೋನಿಯಂ, ತಬಲಾಗಳ ಭಾವಗೀತೆ ಭಾರಿ ವಾದ್ಯವೃಂದದ ಜೊತೆ ಬಯಲಿಗಿಳಿಯಿತು. ಅದು ಎಲೆಕ್ಟ್ರಾನಿಕ್ ಕುಣಿತವಲ್ಲ ನಿಜ. ಆದರೆ ಕುಳಿತು ಕೇಳುತ್ತಿದ್ದ ಹಾಡಿಗೆ ಎದ್ದು ನಿಲ್ಲುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾದದ್ದು ಅಂಥ ರಾತ್ರಿಗಳಲ್ಲೇ.

ಆ ಅಭ್ಯಾಸವನ್ನು ಮುಂದಕ್ಕೊಯ್ದವರು ರಾಕ್ ತಂಡದವರು. ‘ಅಂತರಾಗ್ನಿ’ ತಂಡ ನಡೆಸಿದ್ದ ರಘು ದೀಕ್ಷಿತ್ ನಂತರ ಕಟ್ಟಿದ ರಘು ದೀಕ್ಷಿತ್ ಪ್ರಾಜೆಕ್ಟ್ 2008ರ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದವನ್ನು, 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಹಾಗೂ ‘ಕೋಡಗನ ಕೋಳಿ ನುಂಗಿತ್ತ’ವನ್ನು ಗಿಟಾರ್, ಪಿಟೀಲು, ಡ್ರಮ್ಮುಗಳೊಂದಿಗೆ ಹಾಡಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ, 2011ರಲ್ಲಿ ಗ್ಲಾಸ್ಟನ್ಬರಿಯಲ್ಲಿ ಈ ತಂಡ ಕಾಣಿಸಿಕೊಂಡಿತು. ವಾಸು ದೀಕ್ಷಿತ್ ಅವರ ಸ್ವರಾತ್ಮಾ ತಂಡ ಜಾತ್ರೆಯ ಕೀಲುಕುದುರೆಯನ್ನೇ ರಾಕ್ ವೇದಿಕೆಗೆ ಏರಿಸಿತು. ಸೈಕೆಡೆಲಿಕ್ ಎಂಬ ಹೆಸರಿಗೆ ನೇರವಾಗಿ ಸಲ್ಲುವ ಬೆಂಗಳೂರಿನ ತಂಡ ಪರ್ವಾಜ್. 2014ರ ‘ಬಾರಾನ್’ನ ಉದ್ದುದ್ದದ ಗಿಟಾರ್ ಹಾಡುಗಳಿಗೆ ಹೋಲಿಸಿದರೆ 2019ರ ‘ಕುನ್’ನಲ್ಲಿ ಅದರ ನಾದ ಬೇರೆಯದೇ ದಾರಿ ಹಿಡಿದಿದೆ. ಅವರ ನುಡಿ ಉರ್ದು ಮತ್ತು ಕಾಶ್ಮೀರಿ.

ಕೋಲುಮಂಡೆಯ ಎರಡು ಜನ್ಮ

ಹಳೆಯ ಪದವೊಂದು ಕುಣಿತದ ಹಾಡಾದಾಗ ಏನಾಗುತ್ತದೆಂಬುದಕ್ಕೆ ಕರ್ನಾಟಕದ ದೊಡ್ಡ ಪ್ರಸಂಗ ‘ಕೋಲುಮಂಡೆ ಜಂಗಮದೇವರು’. ಮಲೆ ಮಾದೇಶ್ವರನ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಪರಂಪರೆಗೆ ಸೇರಿದ ಈ ಪದದಲ್ಲಿ ಮಾದಪ್ಪ ಜೋಳಿಗೆ ಹಿಡಿದು ಶರಣೆ ಸಂಕಮ್ಮನಲ್ಲಿಗೆ ಭಿಕ್ಷೆಗೆ ಬರುತ್ತಾನೆ. ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ (1996) ಚಿತ್ರಕ್ಕೆ ವಿ. ಮನೋಹರ್ ಇದನ್ನು ಅಳವಡಿಸಿದರು, ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಇದು ಮೊದಲ ಮರುಕಟ್ಟು. ಯಾರೂ ತಕರಾರು ಎತ್ತಲಿಲ್ಲ. ಚಾಮರಾಜನಗರದ ಪದ ಚಿತ್ರದುರ್ಗದ ಆರ್ಕೆಸ್ಟ್ರಾ ವೇದಿಕೆಗಳಿಗೂ ಬಂದು ಇಲ್ಲಿಯದೇ ಆಯಿತು. ಭಿಕ್ಷೆಯ ಗುರುವಿನ ಪದ ನಾಯಕನಹಟ್ಟಿಗೆ ಪರಕೀಯವೆನಿಸುವುದಾದರೂ ಹೇಗೆ? ತಿಪ್ಪೇರುದ್ರಸ್ವಾಮಿಯ ಹೆಸರಿನೊಂದಿಗೆ ಜನ ನೆನೆಯುವ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಈ ಊರಿನ ಕಮಾನು, ಬ್ಯಾನರುಗಳ ಮೇಲೆಲ್ಲ ಇರುತ್ತದೆ.

ಎರಡನೆಯ ಜನ್ಮ 2020ರ ಆಗಸ್ಟ್‌ನಲ್ಲಿ. ಗಣೇಶ ಹಬ್ಬದ ಹೊತ್ತಿಗೆ ರ್‍ಯಾಪ್ ಗಾಯಕ ಚಂದನ್ ಶೆಟ್ಟಿ ‘ಕೋಲುಮಂಡೆ’ಯನ್ನು ಎಲೆಕ್ಟ್ರಾನಿಕ್ ಬೀಟಿನಲ್ಲಿ ಹೊರತಂದರು. ಕೆಲವೇ ದಿನಗಳಲ್ಲಿ ಮಾದಪ್ಪನ ಭಕ್ತರಿಂದ ವಿರೋಧ ಎದ್ದಿತು. ಸಂಕಮ್ಮನನ್ನು ದೃಶ್ಯದಲ್ಲಿ ತೋರಿಸಿದ ಬಗೆಯೇ ಆಕ್ಷೇಪದ ತಿರುಳು. ಬೀಟಿನ ಮಾತು ಅದರ ಹಿಂದಿತ್ತು. ಗಾಯಕರು ಕ್ಷಮೆ ಕೇಳಿದರು, ವಿಡಿಯೋ ತೆಗೆದುಹಾಕಲಾಯಿತು. ಈ ಲೇಖಕನ ದೃಷ್ಟಿಯಲ್ಲಿ ಭಕ್ತರ ಸಿಟ್ಟನ್ನು ಹಳಬರ ಹಟ ಎಂದು ತಳ್ಳಿಹಾಕುವಂತಿಲ್ಲ. ಅವರು ತಾಳವನ್ನು ಬೇಡವೆನ್ನಲಿಲ್ಲ. ಕಂಸಾಳೆಯೂ ತಾಳವೇ, ಅದೂ ಕುಣಿಸುತ್ತದೆ. ಪದದೊಳಗಿನ ಹೆಣ್ಣುಮಗಳು ಯಾರೆಂದು ಗೊತ್ತಿರುವವರಿಗೆ ಆಕೆ ಇನ್ನಾರೋ ಆಗಿ ಕಂಡದ್ದು ನೋವಾಯಿತು.

ಇದೇ ಪರಂಪರೆಯ ‘ಸೋಜುಗಾದ ಸೂಜುಮಲ್ಲಿಗೆ’ ಬೇರೆ ಹಾದಿ ಹಿಡಿಯಿತು. ಅನನ್ಯ ಭಟ್ ದನಿಯಲ್ಲಿ ಶಿವರಾತ್ರಿಯ ವೇದಿಕೆಯಿಂದ ದೇಶವೆಲ್ಲ ಹರಡಿತು. 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಮಿಥುನ್ ಮುಕುಂದನ್ ಸಂಗೀತದಲ್ಲಿ ಚೈತ್ರಾ ಆಚಾರ್ ಹಾಡಿದರು. ಅಲ್ಲಿ ವಾದ್ಯಗಳು ಹೊಸವು, ಗತಿ ಮಾತ್ರ ಪದದ್ದೇ.

ಕೆಲಸ ನಡೆಯುವ ಬಗೆ

ಮರುಕಟ್ಟುವವನ ಮೊದಲ ಕೆಲಸ ದನಿಯನ್ನು ವಾದ್ಯಗಳಿಂದ ಬಿಡಿಸಿಕೊಳ್ಳುವುದು. ಹಿಂದೆ ಇದಕ್ಕೆ ಮೂಲ ಟೇಪೇ ಬೇಕಿತ್ತು. ಈಗ ಮೊಬೈಲಿನಲ್ಲೇ ಆಗುತ್ತದೆ. ಎರಡನೆಯದು ಹಾಡಿನ ವೇಗ ಅಳೆದು, ಸ್ವರ ಕೆಡದಂತೆ ಹಿಗ್ಗಿಸಿ ಇಲ್ಲವೇ ಕುಗ್ಗಿಸಿ ಬೀಟಿಗೆ ಕೂರಿಸುವುದು. ಆಮೇಲೆ ಪ್ರತಿ ಎಣಿಕೆಗೂ ಒಂದು ದಪ್ಪ ಏಟು, ಅದರಡಿ ಬೇಸ್, ಏಟು ಬಿದ್ದಾಗಲೆಲ್ಲ ಉಳಿದ ನಾದ ತಗ್ಗಿ ಮತ್ತೆ ಉಬ್ಬುವಂತೆ ಒಂದು ಕಟ್ಟು. ಕೊನೆಗೆ ಎಲ್ಲವನ್ನೂ ಒಮ್ಮೆ ನಿಲ್ಲಿಸಿ, ಕಾಯಿಸಿ, ದಡಕ್ಕನೆ ಬಿಡುವ ‘ಡ್ರಾಪ್’.

ಜನಪದಕ್ಕೆ ತೊಡಕಾಗುವುದು ಎರಡನೆಯ ಹಂತ. ಜನಪದದ ಮುಖ್ಯ ಛಂದಸ್ಸಾದ ತ್ರಿಪದಿ ಅಂಶಗಣದ್ದು: ಹನ್ನೊಂದು ಗಣ, 6 ಮತ್ತು 10ನೆಯವು ಬ್ರಹ್ಮ, ಉಳಿದವು ವಿಷ್ಣು. ಈ ಗಣಗಳ ಅಕ್ಷರಗಳನ್ನು ಹಾಡುವಾಕೆ ತನ್ನ ಉಸಿರಿಗೆ ತಕ್ಕಂತೆ ಎಳೆಯುತ್ತಾಳೆ, ಮೊಟಕಿಸುತ್ತಾಳೆ. ಒಂದೇ ಪದ ಬೀಸುವ ಕಲ್ಲಿನ ಮುಂದೆ ಒಂದು ಗತಿ, ಸೋಬಾನೆಯಲ್ಲಿ ಇನ್ನೊಂದು. ಗಣಕಯಂತ್ರದ ಗೆರೆಗಳಿಗೆ ಇದನ್ನು ಕೂರಿಸುವಾಗ ಎಳೆತ ಹೋಗುತ್ತದೆ. ಮೂರರ ನಡೆಯ ಪದಗಳು ನಾಲ್ಕರ ಬೀಟಿಗೆ ಹೇಗೋ ಹೊಂದಿಕೊಳ್ಳುತ್ತವೆ. ಮೂರು-ನಾಲ್ಕು ಕೂಡಿದ ಏಳರ ನಡೆಯವಕ್ಕೆ ಒಂದು ಎಣಿಕೆ ಸೇರಿಸಬೇಕು, ಇಲ್ಲವೇ ಕೀಳಬೇಕು. ಎರಡರಲ್ಲೂ ಪದ ಕುಂಟುತ್ತದೆ. ಇನ್ನು ಮುಮ್ಮೇಳ, ಹಿಮ್ಮೇಳಗಳ ನಡುವಿನ ಬಿಡುವು ಮಿಕ್ಸ್ ಮಾಡುವವನಿಗೆ ಬರೀ ಖಾಲಿ ಜಾಗ. ಅಲ್ಲಿ ಆತ ಬೇಸ್ ತುಂಬುತ್ತಾನೆ. ಕಸುಬು ಬಲ್ಲವರು ದನಿಯನ್ನು ಬೀಟಿಗೆ ಎಳೆಯದೆ ಬೀಟನ್ನೇ ದನಿಯ ಹಿಂದೆ ನಡೆಸುತ್ತಾರೆ. ಅಂಥ ಕೆಲಸ ಅಪರೂಪ. ಕೇಳಿದರೆ ಕೂಡಲೇ ಗೊತ್ತಾಗುತ್ತದೆ.

ಜಾತ್ರೆಯ ಬೀದಿ, ಡಿಜೆ ಗಾಡಿ

ಉತ್ತರ ಕರ್ನಾಟಕದಲ್ಲಿ ‘ಡಿಜೆ ಜಾನಪದ’ ಎಂಬ ಹೊಸ ಬಗೆಯೇ ಬೆಳೆದಿದೆ. ಹಳೆಯ ಪದದ ಧಾಟಿ ಹಿಡಿದು ಹೊಸ ಸಾಹಿತ್ಯ ಬರೆದು ಯಂತ್ರದ ತಾಳಕ್ಕೆ ಹಾಡುವುದು ಇದರ ಕ್ರಮ. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಅವರ ‘ನಾ ಡ್ರೈವರಾ’ ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಚಳ್ಳಕೆರೆ ಸೀಮೆಯ ಟ್ರ್ಯಾಕ್ಟರುಗಳಲ್ಲೂ ಇಂಥವೇ ಹಾಡು. ಜೊತೆಗೆ ಗಡಿಯಾಚೆಯ ತೆಲುಗು ಡಿಜೆ ಹಾಡುಗಳು. ಗಣಪತಿ ಬಿಡುವಾಗ, ಮದುವೆಯ ಮೆರವಣಿಗೆಯಲ್ಲಿ, ಊರಹಬ್ಬದಲ್ಲಿ ಟ್ರೇಲರಿನ ಮೇಲೆ ಬೇಸ್ ಪೆಟ್ಟಿಗೆಗಳನ್ನು ಗೋಡೆಯಂತೆ ಕಟ್ಟಿ, ಹಿಂದೆ ಜನರೇಟರ್ ಇಟ್ಟು ಹೊರಡುತ್ತಾರೆ. ಅದರ ಎದುರಿಗೆ ಉರುಮೆಯವರು ಬಂದರೆ ಅವರ ಕೋಲು ಆಡುವುದು ಕಾಣುತ್ತದೆ, ನಾದ ಕೇಳುವುದಿಲ್ಲ. ಇದು ದುಃಖದ ನೋಟ. ಉರುಮೆಯನ್ನು ಮೈಕಿಗೆ ಹಿಡಿದು ಅದೇ ಪೆಟ್ಟಿಗೆಗಳಲ್ಲಿ ಬಿಟ್ಟರೆ ಯಾವ ಸಿಂಥಸೈಜರಿಗೂ ಅದು ಸೋಲದು.

ಶಬ್ದಮಾಲಿನ್ಯ ನಿಯಮಗಳು (2000) ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವರ್ಷಕ್ಕೆ 15 ದಿನ ಮೀರದಂತೆ ಹಬ್ಬಗಳಿಗೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಗಣೆಪದಕ್ಕೆ ವಿದ್ಯುತ್ ಬೇಡ. ಹತ್ತು ಗಂಟೆಯೂ ಅದಕ್ಕೆ ಅಡ್ಡಿಯಲ್ಲ.

ಹಾಡು ಯಾರದು

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಕಾರ ತೀರಿದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಶರೀಫರ ಸಾಹಿತ್ಯವನ್ನು ಇಂದು ಯಾರು ಬೇಕಾದರೂ ಹಾಡಬಹುದು. ಅದಕ್ಕೆ ಅಶ್ವತ್ಥ್ ಹಾಕಿದ ಧಾಟಿಗಳ ಹಕ್ಕು 2069ರ ಕೊನೆಯವರೆಗೆ ಇರುತ್ತದೆ. 2012ರ ತಿದ್ದುಪಡಿಯಿಂದ ಬಂದ 31ಸಿ ಕಲಮಿನಂತೆ ಮುದ್ರಿತ ಹಾಡಿನ ಮರುಗಾಯನಕ್ಕೆ ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷ ಕಾಯಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಗೌರವಧನ ಕಟ್ಟಬೇಕು.

ಹಟ್ಟಿಯ ಪದಕ್ಕೆ ಈ ಲೆಕ್ಕ ತಾಗುವುದಿಲ್ಲ. ಕಟ್ಟಿದವರ ಹೆಸರಿಲ್ಲದ್ದರಿಂದ ಕಾಯ್ದೆಯ ಕಣ್ಣಿಗೆ ಒಡೆಯರೂ ಇಲ್ಲ. ಸ್ಟುಡಿಯೋದಲ್ಲಿ ಅದನ್ನು ಬೀಟಿಗೆ ಹಾಕಿದವರಿಗೆ ಆ ಮುದ್ರಣದ ಮೇಲೆ 60 ವರ್ಷದ ಹಕ್ಕು ಹುಟ್ಟುತ್ತದೆ. ಹಾಡಿಕೊಟ್ಟ ಅಜ್ಜಿಗೆ ಪ್ರದರ್ಶಕಿಯ ಹಕ್ಕು ಕಾಗದದ ಮೇಲಿದೆ. ಅದನ್ನು ಕೇಳಿ ಪಡೆಯಲು ಆಕೆಯ ಹೆಸರಾದರೂ ಎಲ್ಲೋ ದಾಖಲಾಗಿರಬೇಕು. ಕನ್ನಡದ ಜಾನಪದ ಸಂಗ್ರಾಹಕರು ಪದದ ಜೊತೆಗೆ ವಕ್ತೃವಿನ, ಎಂದರೆ ಹಾಡಿಕೊಟ್ಟವರ, ಹೆಸರು ಮತ್ತು ಊರು ಅಚ್ಚು ಹಾಕುವ ಪದ್ಧತಿ ಬೆಳೆಸಿದರು. ಸಿರಿಯಜ್ಜಿ, ಯಲಗಟ್ಟೆ ಗೊಲ್ಲರಹಟ್ಟಿ ಎಂದು ಓದುಗರಿಗೆ ಗೊತ್ತಾದದ್ದು ಹಾಗೆಯೇ. ಮೊಬೈಲಿನಿಂದ ಮೊಬೈಲಿಗೆ ಹರಿಯುವ ಡಿಜೆ ಫೈಲಿನ ಮೇಲೆ ಮಿಕ್ಸ್ ಮಾಡಿದವನ ಹೆಸರು, ಅವನ ಊರು, ಕೆಲವೊಮ್ಮೆ ಫೋನ್ ನಂಬರ್ ಕೂಡ ಇರುತ್ತದೆ. ದನಿ ಯಾರದೆಂದು ಬರೆದಿರುವುದಿಲ್ಲ.